ಹೊಟ್ಟೆಗೆ ಶಸ್ತ್ರಕ್ರಿಯೆ, ಹೆಗಲಿಗೆ ನೋವು

ರಾಯಚೂರಿನ ಬೇಸಗೆ ಎಂತಹುದೆಂಬುದನ್ನು ಒಮ್ಮೆಯಾದರೂ ಅನುಭವಿಸಿದವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಅಂತಹ ಒಂದು ಮಧ್ಯಾಹ್ನ, ಅನಿಲಗಳ ಒತ್ತಡದ ಪಾಠ ಮುಗಿಸಿ ನಾನು ಕೊಠಡಿಯಿಂದ ಹೊರಗೆ ಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದು ನಿಂತ. ದೇವದುರ್ಗ ತಾಲ್ಲೂಕಿನ ಹಳ್ಳಿಯವನು. ಒಂದು ವಾರ ತರಗತಿಗೆ ಬಂದಿರಲಿಲ್ಲ. ಅವನ ತಮ್ಮನಿಗೆ ಹೊಟ್ಟೆನೋವು ಬಂದು, ಮೊದಲು ಉಷ್ಣವೆಂದು ಜೀರಿಗೆಯ ನೀರು ಕುಡಿಸಿ, ಮರುದಿನ ಜ್ವರವೂ ಕಾಣಿಸಿಕೊಂಡ ಮೇಲೆ ದೇವದುರ್ಗಕ್ಕೂ ಅಲ್ಲಿಂದ ರಾಯಚೂರಿಗೂ ಕರೆತಂದಿದ್ದರಂತೆ. ಅಪೆಂಡಿಕ್ಸ್, ಅಂದರೆ ಕರುಳಿನ ಬಾಲ, ಊದಿಕೊಂಡಿತ್ತು. ವೈದ್ಯರು ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಮೂರು ಸಣ್ಣ ರಂಧ್ರಗಳ ಮೂಲಕವೇ ಅದನ್ನು ತೆಗೆದುಹಾಕಿದ್ದರು. ಎಲ್ಲವೂ ಸುಸೂತ್ರವಾಗಿತ್ತು. ಆದರೂ ಹುಡುಗನ ಮುಖದಲ್ಲಿ ಕಳವಳವಿತ್ತು.

"ಸರ, ಹೊಟ್ಟ್ಯಾಗ ಆಪರೇಷನ್ ಮಾಡ್ಯಾರ. ಆದ್ರ ತಮ್ಮ ಹೆಗಲು ನೋಯ್ತದ ಅಂತ ಅಳ್ತಾನ. ಎಲ್ಲಿ ಕೊಯ್ದಾರೋ ಏನೋ ಅಂತ ನಮ್ಮವ್ವ ಗಾಬರಿ ಆಗ್ಯಾಳ. ಹೆಗಲಿಗೂ ಹೊಟ್ಟಿಗೂ ಏನ್ ಸಂಬಂಧ್ರೀ?"

ನಾನು ವೈದ್ಯನಲ್ಲ, ಭೌತವಿಜ್ಞಾನದ ಪಾಠ ಹೇಳುವವನು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಅರಿವಳಿಕೆ ತಜ್ಞರಾದ ಮಿತ್ರರೊಬ್ಬರನ್ನು ಕಂಡು ಕೇಳಿದೆ. ಅವರು ಹೇಳಿದುದನ್ನು ಕೇಳುತ್ತ ಹೋದಂತೆ, ಈ ಪ್ರಶ್ನೆ ನಾನು ಅಂದು ತರಗತಿಯಲ್ಲಿ ಹೇಳಿದ ಪಾಠದಿಂದ ಬಹು ದೂರದಲ್ಲೇನೂ ಇಲ್ಲವೆಂಬುದು ತಿಳಿದು ಬೆರಗಾಯಿತು.

ನಮ್ಮ ಜನ ದುರ್ಬೀನಿನ ಆಪರೇಷನ್ ಎಂದು ಕರೆಯುವ ಈ ಕಿರುರಂಧ್ರ ಶಸ್ತ್ರಕ್ರಿಯೆಯ ಹಿಂದೆ ಭೌತವಿಜ್ಞಾನಿಗಳ ಕೈ ಬಲವಾಗಿಯೇ ಇದೆ. ಬೀಗದ ಕಂಡಿಯಷ್ಟು ರಂಧ್ರದಿಂದ ಒಳಗಿನ ಕತ್ತಲೆಯ ಕೋಣೆಯನ್ನು ನೋಡಬೇಕಾದರೆ ಬೆಳಕು ಒಳಗೆ ಹೋಗಬೇಕು, ಬಿಂಬ ಹೊರಗೆ ಬರಬೇಕು. ಗಾಜಿನ ಎಳೆಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿಕೊಟ್ಟವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಹಾಪ್ಕಿನ್ಸರೇ ಮುಂದೆ, ತೆಳುವಾದ ಮಸೂರಗಳ ಬದಲು ಉದ್ದನೆಯ ಗಾಜಿನ ಸಲಾಕೆಗಳನ್ನು ಜೋಡಿಸಿ, ಬಿಂಬ ಹಿಂದಿಗಿಂತ ಎಷ್ಟೋ ಪಾಲು ಪ್ರಕಾಶಮಾನವಾಗಿ ಕಾಣುವಂತೆ ಮಾಡಿದರು. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ೧೯೮೦ರಲ್ಲಿ ಈ ವಿಧಾನದಿಂದ ಅಪೆಂಡಿಕ್ಸನ್ನು ತೆಗೆದರು. ಭಾರತದಲ್ಲಿ ೧೯೯೦ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಪಿತ್ತಕೋಶವನ್ನು ಹೀಗೆಯೇ ತೆಗೆದರು. ಇಂದು ರಾಯಚೂರಿನಂತಹ ಜಿಲ್ಲಾಕೇಂದ್ರದಲ್ಲಿಯೂ ಇದು ಅಪರೂಪದ ಮಾತಲ್ಲ.

ನೋಡುವುದೇನೋ ಆಯಿತು, ಕೆಲಸ ಮಾಡಲು ಸ್ಥಳ ಬೇಡವೆ? ಹೊಟ್ಟೆಯ ಒಳಗೆ ಅಂಗಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಆದುದರಿಂದ ಸೂಜಿಯ ಮೂಲಕ ಅನಿಲವನ್ನು ತುಂಬಿ ಹೊಟ್ಟೆಯ ಗೋಡೆಯನ್ನು ಗುಡಾರದಂತೆ ಮೇಲಕ್ಕೆತ್ತುತ್ತಾರೆ. ಇದಕ್ಕೆ ಬಳಸುವುದು ಗೋಲಿ ಸೋಡಾದಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ. ಒಳಗೆ ವಿದ್ಯುತ್ತಿನಿಂದ ರಕ್ತನಾಳಗಳನ್ನು ಸುಟ್ಟು ಮುಚ್ಚುವಾಗ ಅದು ಹೊತ್ತಿಕೊಳ್ಳುವುದಿಲ್ಲ. ರಕ್ತದಲ್ಲಿ ಬೇಗನೆ ಕರಗಿ, ಉಸಿರಿನೊಡನೆ ಹೊರಟುಹೋಗುತ್ತದೆ. ದೊಡ್ಡವರಲ್ಲಿ ಈ ಅನಿಲದ ಒತ್ತಡ ಪಾದರಸದ ೧೨ರಿಂದ ೧೫ ಮಿಲಿಮೀಟರ್. ಮಕ್ಕಳಲ್ಲಿ ಸಾಮಾನ್ಯವಾಗಿ ೮ರಿಂದ ೧೨; ಹಸುಗೂಸುಗಳಲ್ಲಿ ಇನ್ನೂ ಕಡಮೆ.

೧೦ ಮಿಲಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಪಾದರಸದ ಸಾಪೇಕ್ಷ ಸಾಂದ್ರತೆ ೧೩.೬, ಅಂದಮೇಲೆ ಇದು ೧೩.೬ ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಜಾಗದ ಮೇಲೆ ಬೀಳುವ ಬಲ ಸುಮಾರು ೧.೩೬ ಕಿಲೋಗ್ರಾಂ ತೂಕದಷ್ಟಾಯಿತು. ಒಂಬತ್ತು ವರ್ಷದ ಬಾಲಕನ ಹೊಟ್ಟೆಯೊಳಗಿನ ನವುರಾದ ಪೊರೆಯನ್ನು ಇಷ್ಟು ಬಲ ಅರ್ಧ ಗಂಟೆಯೋ ಒಂದು ಗಂಟೆಯೋ ಎಲ್ಲ ದಿಕ್ಕಿಗೂ ಎಳೆದು ಹಿಡಿದಿರುತ್ತದೆ. ಹೊರಗಿನ ಗಾಯ ಚಿಕ್ಕದು, ನಿಜ. ಆದರೆ ಗಾಯ ಚಿಕ್ಕದಾದ ಮಾತ್ರಕ್ಕೆ ನೋವೂ ಅಷ್ಟೇ ಚಿಕ್ಕದಾಗಿರುವುದೆಂದು ತಿಳಿಯಲಾಗದು.

ಇನ್ನು ಹೆಗಲಿನ ಮಾತು. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಗುಮ್ಮಟದಂತಹ ಸ್ನಾಯುವಿದೆ. ನಾವು ಉಸಿರೆಳೆಯುವುದು ಮುಖ್ಯವಾಗಿ ಇದರಿಂದಲೇ. ವಪೆ ಇರುವುದು ಪಕ್ಕೆಲುಬುಗಳ ಕೆಳಗಾದರೂ ಅದರ ನರ ಹೊರಡುವುದು ಕುತ್ತಿಗೆಯಿಂದ! ಇದೆಂತಹ ವಿಚಿತ್ರವೆಂದು ಕೇಳಬಹುದು. ತಾಯಿಯ ಗರ್ಭದಲ್ಲಿ ಭ್ರೂಣ ಬೆಳೆಯುವಾಗ ವಪೆ ರೂಪುಗೊಳ್ಳಲು ತೊಡಗುವುದು ಕುತ್ತಿಗೆಯ ಬಳಿಯೇ. ಶರೀರ ಬೆಳೆದಂತೆ ಅದು ಕೆಳಕ್ಕೆ ಸರಿಯುತ್ತದೆ, ತನ್ನ ನರವನ್ನೂ ಎಳೆದುಕೊಂಡು ಬರುತ್ತದೆ. ಮಾನ್ವಿಯಿಂದಲೋ ದೇವದುರ್ಗದಿಂದಲೋ ಬೆಂಗಳೂರಿಗೆ ದುಡಿಯಲು ಹೋದವರ ರೇಷನ್ ಕಾರ್ಡು ಊರಿನಲ್ಲಿಯೇ ಉಳಿದಿರುವಂತೆ, ವಪೆಯ ವಿಳಾಸ ಮಾತ್ರ ಕುತ್ತಿಗೆಯ ಮೂರನೆಯ, ನಾಲ್ಕನೆಯ, ಐದನೆಯ ನರಗಳಲ್ಲಿಯೇ ಉಳಿದಿದೆ. ಹೆಗಲಿನ ಚರ್ಮದ ಸಂವೇದನೆಯೂ ಬೆನ್ನುಹುರಿಯನ್ನು ಸೇರುವುದು ಸುಮಾರಾಗಿ ಅಲ್ಲಿಗೇ. ಅನಿಲದಿಂದ ಎಳೆಯಲ್ಪಟ್ಟ, ಉಳಿದ ಅನಿಲದಿಂದ ಕೆರಳಿದ ವಪೆ ದೂರು ಸಲ್ಲಿಸಿದಾಗ, ಮಿದುಳು ವಿಳಾಸ ನೋಡಿ ಇದು ಹೆಗಲಿನ ದೂರೆಂದು ತಿಳಿಯುತ್ತದೆ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ವೈದ್ಯರು ಹೆಗಲನ್ನು ಕೊಯ್ದಿರಲೂ ಇಲ್ಲ.

ದೂರು ಎಂದೆವಷ್ಟೆ. ಅದು ಸಾಗುವ ಬಗೆ ಹೇಗೆ? ನರತಂತುವಿನ ಪೊರೆಯ ಒಳಗೂ ಹೊರಗೂ ಸುಮಾರು ೭೦ ಮಿಲಿವೋಲ್ಟ್ ವಿಭವಾಂತರವಿರುತ್ತದೆ. ಕೈಗಡಿಯಾರದ ಬ್ಯಾಟರಿಗೂ ಹೋಲಿಸಲಾಗದಷ್ಟು ಅಲ್ಪ. ಆದರೆ ಆ ಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್ ಮಾತ್ರ. ವಿಭವಾಂತರವನ್ನು ದಪ್ಪದಿಂದ ಭಾಗಿಸಿದರೆ ದೊರೆಯುವ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್! ಗಾಳಿಯಲ್ಲಿ ಮೀಟರಿಗೆ ಮೂವತ್ತು ಲಕ್ಷ ವೋಲ್ಟ್ ಆಗುವಷ್ಟರಲ್ಲಿಯೇ ಕಿಡಿ ಹಾರುತ್ತದೆ ಎಂಬುದನ್ನು ನೆನೆದರೆ, ನಮ್ಮ ಶರೀರದ ಒಂದೊಂದು ನರವೂ ಎಂತಹ ಬಿಗಿಯಲ್ಲಿ ನಿಂತಿದೆಯೆಂಬುದು ವಿಶದವಾಗುವುದು. ಪೊರೆಯಲ್ಲಿ ಸೋಡಿಯಂ ಅಯಾನುಗಳಿಗೆಂದೇ ಇರುವ ಬಾಗಿಲುಗಳಿವೆ. ಗಾಯವಾದಾಗ ಅವು ತೆರೆಯುತ್ತವೆ, ಅಯಾನುಗಳು ಒಳಕ್ಕೆ ನುಗ್ಗುತ್ತವೆ, ವಿಭವ ತಲೆಕೆಳಗಾಗುತ್ತದೆ, ಅದನ್ನು ಕಂಡು ಪಕ್ಕದ ಬಾಗಿಲು ತೆರೆಯುತ್ತದೆ. ಹೀಗೆ ಸಂಕೇತ ಮುಂದೆ ಮುಂದೆ ಹೋಗುತ್ತದೆ. ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರದ ಮೇಲೆ ಪ್ರಯೋಗ ನಡೆಸಿ ಇದರ ಗಣಿತವನ್ನು ೧೯೫೨ರಲ್ಲಿ ಬರೆದವರು ಹಾಡ್ಜ್ಕಿನ್ ಮತ್ತು ಹಕ್ಸ್ಲಿ. ೧೯೬೩ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು.

ನೋವಿನ ಸಂಕೇತಗಳನ್ನು ಒಯ್ಯುವ ತಂತುಗಳು ಎರಡು ಬಗೆ. ಒಂದು, ತೆಳುವಾದ ಕೊಬ್ಬಿನ ಹೊದಿಕೆಯುಳ್ಳದ್ದು, ವೇಗವಾದದ್ದು. ಇನ್ನೊಂದು ಹೊದಿಕೆಯೇ ಇಲ್ಲದ್ದು. ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ, ನಾವು ನಡೆಯುವ ವೇಗದಲ್ಲಿ ಸಾಗುವಂತಹುದು. ಕಾಲಿನ ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ಕೆಂದು, ಕ್ಷಣದ ಮೇಲೆ ಮಂದವಾಗಿ ಎರಡನೆಯ ನೋವು ಏಳುವುದನ್ನು ಯಾರು ತಾನೆ ಗಮನಿಸಿಲ್ಲ? ಹೊದಿಕೆಯಿಲ್ಲದ ಈ ತಂತುಗಳ ಮಾತು ಮುಂದೆ ಮತ್ತೊಮ್ಮೆ ಬರುವುದು.

ಬಾಗಿಲು ತೆರೆಯದಂತೆ ಮಾಡಿಬಿಟ್ಟರೆ ದೂರು ಹೊರಡುವುದೇ ಇಲ್ಲ. ಸ್ಥಾನಿಕ ಅರಿವಳಿಕೆಯ ಒಳಗುಟ್ಟು ಇಷ್ಟೇ. ಹಲ್ಲುನೋವಿಗೆ ಲವಂಗವನ್ನು ಕಚ್ಚಿಕೊಳ್ಳುವ ನಮ್ಮ ಅಜ್ಜಿಯರಿಗೆ ಜೋಮು ಹಿಡಿಸುವ ವಸ್ತುಗಳ ಪರಿಚಯ ಇದ್ದೇ ಇತ್ತು. ದಕ್ಷಿಣ ಅಮೆರಿಕದ ಕೋಕ ಎಲೆಗಳಿಂದ ಕೊಕೇನನ್ನು ೧೮೬೦ರ ಹೊತ್ತಿಗೆ ಬೇರ್ಪಡಿಸಿದ ಆಲ್ಬರ್ಟ್ ನೀಮನ್ ಅದು ನಾಲಿಗೆಯನ್ನು ಮರಗಟ್ಟಿಸುವುದನ್ನು ಕಂಡಿದ್ದ. ಆದರೂ ಶಸ್ತ್ರಕ್ರಿಯೆಗೆ ಇದನ್ನು ಬಳಸಬಹುದೆಂಬ ಯೋಚನೆ ಹೊಳೆಯಲು ಇಪ್ಪತ್ತುನಾಲ್ಕು ವರ್ಷ ಹಿಡಿಯಿತು. ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ಇಪ್ಪತ್ತಾರರ ತರುಣ ವೈದ್ಯ ಕಪ್ಪೆಯ ಕಣ್ಣಿಗೆ ಕೊಕೇನಿನ ಹನಿ ಹಾಕಿ ನೋಡಿದ. ಆಮೇಲೆ ತನ್ನ ಕಣ್ಣಿಗೇ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿಕೊಂಡ. ಏನೂ ಅರಿವಾಗಲಿಲ್ಲ! ೧೮೮೪ರ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ನೇತ್ರವೈದ್ಯರ ಸಮ್ಮೇಳನದಲ್ಲಿ ಈ ಸುದ್ದಿ ಹೊರಬಿತ್ತು. ಪಾಪ, ಕೊಲ್ಲರನಿಗೆ ಅಲ್ಲಿಗೆ ಹೋಗಲು ಹಣವಿರಲಿಲ್ಲ. ಅವನ ಲೇಖನವನ್ನು ಇನ್ನೊಬ್ಬರು ಓದಿದರು.

ಕೊಕೇನು ಚಟ ಹಿಡಿಸುವ ವಿಷ. ಅದರ ಬದಲಿಗೆ ೧೯೦೫ರಲ್ಲಿ ಪ್ರೊಕೇನು ಬಳಕೆಗೆ ಬಂತು. ಸ್ಟಾಕ್‌ಹೋಮಿನಲ್ಲಿ ಜವೆಗೋದಿಯ ಒಂದು ರಾಸಾಯನಿಕವನ್ನು ಅಭ್ಯಾಸ ಮಾಡುತ್ತಿದ್ದವರು, ಅದರ ಸಂಬಂಧಿಯೊಂದನ್ನು ನಾಲಿಗೆಗೆ ತಾಕಿಸಿ ನೋಡಿದಾಗ ನಾಲಿಗೆ ಜೋಮು ಹಿಡಿಯಿತು. ಆ ಸುಳಿವನ್ನು ಬೆನ್ನುಹತ್ತಿದ ನಿಲ್ಸ್ ಲೋಫ್‌ಗ್ರೆನ್ ೧೯೪೩ರಲ್ಲಿ ಲಿಗ್ನೊಕೇನನ್ನು ಸಿದ್ಧಪಡಿಸಿದರು. ಅವರ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಹೆಚ್ಚು ಹೊತ್ತು ಉಳಿಯುವ ಬ್ಯುಪಿವಕೇನು ತಯಾರಾದದ್ದು ೧೯೫೭ರಲ್ಲಿ, ಅದೂ ಸ್ವೀಡನ್ನಿನಲ್ಲಿ. ಇವೆರಡೂ ಇಂದು ಭಾರತದ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿವೆ, ದುಬಾರಿಯೂ ಅಲ್ಲ.

ಈ ಅಣುಗಳ ವರ್ತನೆ ಸ್ವಾರಸ್ಯವಾದದ್ದು. ಸೋಡಿಯಮ್ಮಿನ ಬಾಗಿಲಿಗೆ ಅವು ಅಗಣಿ ಹಾಕುವುದು ಹೊರಗಿನಿಂದಲ್ಲ, ಒಳಗಿನಿಂದ. ಒಳಗೆ ಹೋಗಬೇಕಾದರೆ ಕೊಬ್ಬಿನ ಪೊರೆಯನ್ನು ದಾಟಬೇಕು. ವಿದ್ಯುದಾವೇಶವುಳ್ಳ ಅಣು ಪೊರೆಯನ್ನು ದಾಟಲಾರದು, ಆವೇಶವಿಲ್ಲದ್ದು ದಾಟಬಲ್ಲುದು. ಒಳಗೆ ಹೋದ ಮೇಲೆ ಮತ್ತೆ ಆವೇಶ ಪಡೆದ ಅಣುವೇ ಬಾಗಿಲಿಗೆ ಅಂಟಿಕೊಳ್ಳುವುದು. ಆರೋಗ್ಯವಾದ ಅಂಗಾಂಶದಲ್ಲಿ ಲಿಗ್ನೊಕೇನಿನ ಸುಮಾರು ಕಾಲು ಭಾಗ ಆವೇಶರಹಿತವಾಗಿರುತ್ತದೆ. ಕೀವು ತುಂಬಿ ಆಮ್ಲತೆ ಏರಿದ ಕಡೆ ಈ ಪಾಲು ಹತ್ತರಲ್ಲಿ ಒಂದಕ್ಕೂ ಇಳಿಯಬಹುದು. ಬಾವು ಬಂದ ಹಲ್ಲಿನ ಬುಡಕ್ಕೆ ಸೂಜಿ ಹಾಕಿದರೂ ನೋವು ಪೂರ್ತಿ ಹೋಗದಿರುವುದಕ್ಕೆ ಇದೇ ಒಂದು ಕಾರಣ.

ಈಗ ಶಸ್ತ್ರಕ್ರಿಯೆಯ ಕೋಣೆಗೆ ಹಿಂದಿರುಗೋಣ. ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಮಲಗಿಸಿರುತ್ತಾರೆ. ಕೊಯ್ಯುವಾಗ ಅದಕ್ಕೆ ಏನೂ ತಿಳಿಯದು. ಹಾಗಿರುವಾಗ ಸ್ಥಾನಿಕ ಅರಿವಳಿಕೆ ಬೇರೆ ಏತಕ್ಕೆ? ಎಚ್ಚರವಾದ ಮೇಲಿನ ಮೊದಲ ಕೆಲವು ಗಂಟೆಗಳಿಗಾಗಿ. ರಂಧ್ರಗಳ ಸುತ್ತಲಿನ ಚರ್ಮಕ್ಕೂ ಸ್ನಾಯುವಿಗೂ ಬ್ಯುಪಿವಕೇನನ್ನು ಸೂಜಿಯಿಂದ ಹರಡಿದರೆ, ಮಗು ಕಣ್ಣು ತೆರೆದಾಗ ಆ ಭಾಗ ಇನ್ನೂ ಜೋಮು ಹಿಡಿದಿರುತ್ತದೆ. ಇನ್ನೊಂದು ವಿಧಾನದಲ್ಲಿ, ಶ್ರವಣಾತೀತ ತರಂಗಗಳಿಂದ ಹೊಟ್ಟೆಯ ಗೋಡೆಯ ಪದರಗಳನ್ನು ತೆರೆಯ ಮೇಲೆ ನೋಡುತ್ತ, ಎರಡು ಸ್ನಾಯುಗಳ ನಡುವೆ ನರಗಳು ಹಾಯುವ ಸಂದಿಗೆ ಮದ್ದನ್ನು ಬಿಡುತ್ತಾರೆ. ಕೊಯ್ಯುವ ಮೊದಲೇ ಕೊಡುವುದು ಮೇಲೋ, ಹೊಲಿಗೆ ಹಾಕುವಾಗ ಕೊಡುವುದು ಮೇಲೋ ಎಂಬ ವಿಷಯದಲ್ಲಿ ತಜ್ಞರ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಹೊಟ್ಟೆಯ ಒಳಗೆ, ವಪೆಯ ಕೆಳಗೆ ಮದ್ದನ್ನು ಸಿಂಪಡಿಸುವವರೂ ಇದ್ದಾರೆ. ಅದರ ಫಲ ಕೆಲವೆಡೆ ಚೆನ್ನಾಗಿ, ಕೆಲವೆಡೆ ಸಾಧಾರಣವಾಗಿ ಕಂಡುಬಂದಿದೆ. ಹೆಗಲಿನ ನೋವಿಗಂತೂ ರಂಧ್ರದ ಬಳಿಯ ಸೂಜಿಯಿಂದ ಪ್ರಯೋಜನವಿಲ್ಲ. ಅದರ ನರದ ದಾರಿಯೇ ಬೇರೆ. ಅಲ್ಲಿ ಬೇಕಾದದ್ದು ಅನಿಲದ ಒತ್ತಡವನ್ನು ಮಿತವಾಗಿಡುವುದು, ಕೊನೆಯಲ್ಲಿ ಅನಿಲವನ್ನು ಸಾಧ್ಯವಾದಷ್ಟು ಹೊರಕ್ಕೆ ಬಿಡುವುದು.

ನನ್ನ ಮಿತ್ರರು ಬಹಳ ಹೊತ್ತು ಮಾತನಾಡಿದ್ದು ತಕ್ಕಡಿಯ ವಿಷಯವಾಗಿ. ಬ್ಯುಪಿವಕೇನಿನ ಮೇಲ್ಮಿತಿ ಮಗುವಿನ ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು ೨.೫ ಮಿಲಿಗ್ರಾಂ, ಎಚ್ಚರಿಕೆಯುಳ್ಳವರು ೨ರಲ್ಲಿಯೇ ನಿಲ್ಲಿಸುತ್ತಾರೆ. ಹಸುಗೂಸುಗಳಿಗೆ ಇನ್ನೂ ಕಡಮೆ. ಅವುಗಳ ಯಕೃತ್ತು ಮಾಗಿರುವುದಿಲ್ಲ, ಮದ್ದನ್ನು ಹಿಡಿದಿಡುವ ಪ್ರೋಟೀನು ರಕ್ತದಲ್ಲಿ ಕಡಮೆ ಇರುತ್ತದೆ. ಹಳ್ಳಿಯ ತಾಯಿಯನ್ನು ಮಗುವಿನ ವಯಸ್ಸು ಕೇಳಿದರೆ "ಎಂಟೋ ಒಂಬತ್ತೋ ಇರಬೇಕು" ಎನ್ನುವಳು. ಪುಸ್ತಕದ ಪ್ರಕಾರ ಒಂಬತ್ತು ವರ್ಷದ ಬಾಲಕನ ತೂಕ ೨೮ ಕಿಲೋಗ್ರಾಂ. ಆ ಲೆಕ್ಕದಲ್ಲಿ, ಕಿಲೋಗ್ರಾಮಿಗೆ ೨ರಂತೆ, ಮದ್ದು ೫೬ ಮಿಲಿಗ್ರಾಂ. ವಯಸ್ಸಿಗೆ ತಕ್ಕ ತೂಕವಿಲ್ಲದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಕಡಮೆಯೇನಿಲ್ಲ. ತಕ್ಕಡಿಯ ಮೇಲೆ ನಿಲ್ಲಿಸಿದರೆ ಆ ಹುಡುಗ ೧೯ ಕಿಲೋಗ್ರಾಂ ಇರಬಹುದು. ಆಗ ೫೬ ಮಿಲಿಗ್ರಾಂ ಎಂದರೆ ಕಿಲೋಗ್ರಾಮಿಗೆ ೨.೯೫; ಮೇಲ್ಮಿತಿಯನ್ನು ದಾಟಿದಂತಾಯಿತು. ಅವನಿಗೆ ಸಲ್ಲಬೇಕಾದದ್ದು ೩೮ ಮಾತ್ರ.

ಲೆಕ್ಕ ಇಲ್ಲಿಗೇ ಮುಗಿಯದು. ಶೀಶೆಯ ಮೇಲೆ ಮಿಲಿಗ್ರಾಂ ಜೊತೆಗೆ ಶೇಕಡಾವನ್ನೂ ಬರೆದಿರುತ್ತಾರೆ. ಶೇಕಡಾ ೦.೨೫ರ ದ್ರಾವಣವೆಂದರೆ ಒಂದು ಮಿಲಿಲೀಟರಿನಲ್ಲಿ ೨.೫ ಮಿಲಿಗ್ರಾಂ; ೩೮ ಮಿಲಿಗ್ರಾಮಿಗೆ ೧೫.೨ ಮಿಲಿಲೀಟರು. ಶೇಕಡಾ ೦.೫ರದ್ದಾದರೆ ಅದರ ಅರ್ಧ, ೭.೬. ಶೀಶೆ ಬದಲಾದುದನ್ನು ಗಮನಿಸದಿದ್ದರೆ ಮದ್ದು ಇಮ್ಮಡಿಯಾಗಿ ಹೋಯಿತು. ನಮ್ಮ ವಿದ್ಯಾರ್ಥಿಗಳು ದಶಮಾಂಶ ಬಿಂದುವನ್ನು ಎಷ್ಟು ಹಗುರವಾಗಿ ಕಾಣುತ್ತಾರೆಂಬುದು ಉತ್ತರಪತ್ರಿಕೆ ತಿದ್ದುವ ನನಗೆ ಚೆನ್ನಾಗಿ ಗೊತ್ತು.

ಮಿತಿಮೀರಿದರೆ ಆಗುವುದೇನು? ನೋವಿನ ನರದಲ್ಲಿರುವಂತಹ ಬಾಗಿಲುಗಳೇ ಮಿದುಳಿನಲ್ಲಿಯೂ ಹೃದಯದಲ್ಲಿಯೂ ಇವೆ. ದೊಡ್ಡವರಾದರೆ ಬಾಯಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್‌ಗುಡುವಿಕೆ ಎಂದು ಮುಂಚೆಯೇ ಹೇಳಿಯಾರು. ಪೂರ್ಣ ಅರಿವಳಿಕೆಯಲ್ಲಿರುವ ಮಗು ಏನನ್ನು ಹೇಳೀತು? ನೇರವಾಗಿ ಹೃದಯದ ಲಯವೇ ತಪ್ಪಬಹುದು. ಇದಕ್ಕೆ ಮದ್ದಾಗಿ ಸೋಯಾ ಎಣ್ಣೆಯ ಸಣ್ಣ ಹನಿಗಳುಳ್ಳ ಶೇಕಡಾ ೨೦ರ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೊಬ್ಬಿನಲ್ಲಿ ಕರಗುವ ಗುಣವುಳ್ಳ ಬ್ಯುಪಿವಕೇನು ಹೃದಯವನ್ನು ಬಿಟ್ಟು ಆ ಹನಿಗಳನ್ನು ಸೇರುತ್ತದೆ. ಪೊರೆಯನ್ನು ದಾಟಲು ನೆರವಾದ ಗುಣವೇ ಇಲ್ಲಿ ಪ್ರಾಣ ಉಳಿಸಲೂ ನೆರವಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿ ಮಗುವಿನ ನೋವನ್ನು ಇಳಿಸಬೇಕೆಂಬ ಹಂಬಲ ವೈದ್ಯಲೋಕಕ್ಕೆ ಮೊದಲಿನಿಂದಲೂ ಇತ್ತೆಂದು ತಿಳಿಯಬೇಡಿ. ಹುಟ್ಟಿದ ಕೂಸಿಗೆ ನೋವಿನ ಅರಿವೇ ಇಲ್ಲವೆಂದು ಬಹುಕಾಲ ನಂಬಿದ್ದರು. ಅದರ ನರಗಳಿಗೆ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿಯಾಗಿ ಬಂದಿಲ್ಲ ಎಂಬುದು ಅವರ ವಾದ. ಹಿಂದೆ ಹೇಳಿದ ಹೊದಿಕೆಯಿಲ್ಲದ ತಂತುಗಳನ್ನು ಇಲ್ಲಿ ನೆನೆದುಕೊಳ್ಳಿ. ದೊಡ್ಡವರಲ್ಲಿಯೂ ನೋವನ್ನು ಒಯ್ಯುವ ತಂತುಗಳಲ್ಲಿ ಬಹುಪಾಲಿಗೆ ಹೊದಿಕೆಯಿಲ್ಲ! ವಾದ ಅಲ್ಲಿಯೇ ಬಿದ್ದುಹೋಗುತ್ತದೆ. ಆದರೂ ಅದನ್ನು ಬೀಳಿಸಲು ಪ್ರಯೋಗವೇ ಬೇಕಾಯಿತು. ಭಾರತದಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಹೃದಯದ ಶಸ್ತ್ರಕ್ರಿಯೆಗಳನ್ನು ಅಭ್ಯಾಸ ಮಾಡಿದರು. ಬಲವಾದ ನೋವುನಿವಾರಕವನ್ನೂ ಪಡೆದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಮೆಯಾಗಿದ್ದವು, ಅವು ಚೇತರಿಸಿಕೊಳ್ಳುವಾಗ ತೊಡಕುಗಳೂ ಕಡಮೆ ಎಂಬುದನ್ನು ೧೯೮೭ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದರು. ಮಾತು ಬಾರದ ಮಗುವಿನ ನೋವನ್ನು ಅಳೆಯಲು ಈಗ ಮಾನಕಗಳೂ ಇವೆ. ೧೯೯೭ರಲ್ಲಿ ಬಂದ ಒಂದರಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಒಗ್ಗುವ ಬಗೆ ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ಎಷ್ಟೆಂದು ನೋಡುತ್ತಾರೆ. "ಮಕ್ಕಳು ಅಳೋದೇ, ಬಿಡ್ರಿ" ಎನ್ನುವ ಮಾತನ್ನು ನಮ್ಮ ಕಡೆಯ ವಾರ್ಡುಗಳಲ್ಲಿ ನಾನು ಇಂದಿಗೂ ಕೇಳಿದ್ದೇನೆ; ಹೇಳುವವರು ಕೆಟ್ಟವರೇನಲ್ಲ.

ಮಾರ್ಫಿನ್ ಜಾತಿಯ ಮದ್ದುಗಳು ನೋವಿಗೆ ಬಲವಾದವೇನೋ ಹೌದು. ಆದರೆ ಅವು ಮಗುವಿನ ಉಸಿರಾಟವನ್ನು ಕುಗ್ಗಿಸಬಲ್ಲವು. ೧೯೮೫ರ ಮಾದಕದ್ರವ್ಯಗಳ ಕಾನೂನಿನ ನಂತರ, ೨೦೧೪ರ ತಿದ್ದುಪಡಿ ಬರುವವರೆಗೆ, ನಮ್ಮ ದೇಶದಲ್ಲಿ ಅವು ಆಸ್ಪತ್ರೆಗಳಿಗೆ ದೊರೆಯುವುದೂ ಸುಲಭವಾಗಿರಲಿಲ್ಲ. ಸೂಜಿಯ ತುದಿಯಲ್ಲಿ, ಗಾಯವಿರುವ ಕಡೆಗಷ್ಟೇ ಕೊಡುವ ಅಗ್ಗದ ಬ್ಯುಪಿವಕೇನಿನ ಬೆಲೆ ಇಂತಹ ಕಡೆ ಹೆಚ್ಚಾಗಿ ತಿಳಿಯುವುದು.

ಅದರ ಪ್ರಭಾವ ಉಳಿಯುವುದಾದರೂ ಕೆಲವು ಗಂಟೆಗಳು ಮಾತ್ರ. ಬೆಳಿಗ್ಗೆ ಶಸ್ತ್ರಕ್ರಿಯೆಯಾದರೆ ಸಂಜೆಯ ಹೊತ್ತಿಗೆ ಇಳಿಯತೊಡಗುತ್ತದೆ. ಮಧ್ಯಾಹ್ನ ನಗುನಗುತ್ತ ಕುಳಿತಿದ್ದ ಮಗು ರಾತ್ರಿ ಅಳತೊಡಗಿದಾಗ, ಒಳಗೆ ಏನೋ ಕೆಟ್ಟಿತೆಂದು ಮನೆಯವರು ಹೆದರುತ್ತಾರೆ. ಇಲ್ಲವೆ, ನಕ್ಕಿದ್ದನ್ನು ನೋಡಿ ಇನ್ನು ಮದ್ದೇಕೆಂದು ಪ್ಯಾರಸಿಟಮಾಲಿನ ಸಿರಪ್ಪನ್ನು ಚೀಲಕ್ಕೆ ಹಾಕಿಬಿಡುತ್ತಾರೆ. ಜೋಮು ಇಳಿಯುವ ಮುನ್ನವೇ, ವೈದ್ಯರು ತೂಕ ನೋಡಿ ಬರೆದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಅದನ್ನು ಕೊಡಬೇಕು. ಆದರೆ ನೋವು ಏರುತ್ತಲೇ ಹೋದರೆ, ಜ್ವರ, ವಾಂತಿ ಅಥವಾ ಹೊಟ್ಟೆಯ ಉಬ್ಬರ ಜೊತೆಗೂಡಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕಾದದ್ದೇ. ಮಾನ್ವಿಗೋ ದೇವದುರ್ಗಕ್ಕೋ ಬಸ್ಸು ಹತ್ತಿದ ಮೇಲೆ ಕೇಳಲು ಯಾರೂ ಸಿಕ್ಕುವುದಿಲ್ಲ. ಮದ್ದು ಎಷ್ಟು ಹೊತ್ತಿಗೆ ಇಳಿಯುವುದೆಂಬ ಪ್ರಶ್ನೆಯನ್ನು ವಾರ್ಡಿನಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಮರುದಿನ ಆ ವಿದ್ಯಾರ್ಥಿಗೆ ಕಪ್ಪುಹಲಗೆಯ ಮೇಲೆ ವಪೆಯ ಚಿತ್ರ ಬರೆದು ತೋರಿಸಿದೆ. ಅವನು ಅದನ್ನು ನೋಟುಬುಕ್ಕಿನಲ್ಲಿ ಇಳಿಸಿಕೊಂಡು ಆಸ್ಪತ್ರೆಗೆ ಹೋದ. ತಮ್ಮನ ಹೆಗಲುನೋವು ಅಂದು ಸಂಜೆಗೆ ಇಳಿದಿತ್ತಂತೆ. ಅನಿಲ ಕರಗಿಹೋಗಲು ಒಂದೆರಡು ದಿನ ಸಾಕು. ತಾಯಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಹೆಗಲನ್ನು ಕೊಯ್ದಿಲ್ಲವೆಂಬುದು ಖಾತ್ರಿಯಾದ ಮೇಲೆ, ಮಗನ ತೂಕ ಎಷ್ಟು ಬರೆದಿದ್ದಾರೆಂದು ಕೇಳಿದಳಂತೆ.